ಚೈನೀಸ್ ಚಿಕನ್: ಸಿಹಿ ಬೇಡ, ಲೋಳೆ ಬೇಡ, ಖಾರ ಬೇಕು. ಏನು ಮಾಡಲಿ?

ಬೆಣ್ಣೆದೋಸೆ_ಹುಡುಗ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಾನು ದಾವಣಗೆರೆಯವನು, ಈಗ ಬೆಂಗಳೂರಿನಲ್ಲಿ ಕೆಲಸ. ವಾರಕ್ಕೊಂದು ಸಲ ಹೊರಗಿನಿಂದ ಚೈನೀಸ್ ಚಿಕನ್ ತರಿಸುತ್ತೇವೆ. ದುಡ್ಡು ಹೋಗುತ್ತದೆ, ಖುಷಿ ಮಾತ್ರ ಬರುವುದಿಲ್ಲ. ಹೆಸರು ಒಂದೇ, ಹತ್ತು ಹೋಟೆಲಿಗೆ ಹತ್ತು ರುಚಿ. ಚಿಲ್ಲಿ ಚಿಕನ್ ಎಂದು ಕೇಳಿದರೆ ಒಂದು ಕಡೆ ಕೆಂಪು ಕಬಾಬಿಗೆ ದೊಣ್ಣೆ ಮೆಣಸು ಬೆರೆಸಿ ಕಳಿಸುತ್ತಾರೆ, ಇನ್ನೊಂದು ಕಡೆ ಕೆಚಪ್ಪಿನ ಕೆರೆಯಲ್ಲಿ ಮುಳುಗಿಸಿ ಕಳಿಸುತ್ತಾರೆ. ಮೊನ್ನೆ ಬಂದ ಗಾರ್ಲಿಕ್ ಚಿಕನ್ ಅಂತೂ ಜಾಮೂನಿನ ಪಾಕದಲ್ಲಿ ಅದ್ದಿ ತೆಗೆದ ಹಾಗಿತ್ತು.

ನನಗೆ ಬೇಕಾದ ರುಚಿ ಯಾವುದೆಂದು ನನಗೆ ಗೊತ್ತು. ಕೆಲವು ವರ್ಷದ ಹಿಂದೆ ಆಫೀಸ್ ಕೆಲಸಕ್ಕೆ ಕೋಲ್ಕತ್ತಾಗೆ ಹೋದಾಗ ಅಲ್ಲಿಯ ಗೆಳೆಯ ಟ್ಯಾಂಗ್ರಾ ಎಂಬ ಚೀನೀಯರ ಬಡಾವಣೆಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ತಿಂದ ಚಿಲ್ಲಿ ಚಿಕನ್ ಕೆಂಪಗಿರಲಿಲ್ಲ, ಕಂದು ಬಣ್ಣ. ಬೆಳ್ಳುಳ್ಳಿ, ಸೀಳಿದ ಹಸಿ ಮೆಣಸಿನಕಾಯಿ, ಸೋಯಾ, ಅಷ್ಟೇ ಬಾಯಿಗೆ ಸಿಗುತ್ತಿತ್ತು. ಸಾಸ್ ತಟ್ಟೆಯಲ್ಲಿ ಹರಿಯುತ್ತಿರಲಿಲ್ಲ, ತುಂಡಿಗೆ ಮೆತ್ತಿಕೊಂಡಿತ್ತು. ಅದೇ ತಲೆಯಲ್ಲಿ ಕೂತುಬಿಟ್ಟಿದೆ.

ಮನೆಯಲ್ಲಿ ಎರಡು ಸಲ ಮಾಡಿ ನೋಡಿದೆ. ಮೊದಲ ಸಲ ಪ್ಯಾಕೆಟ್ ಮಸಾಲೆ ತಂದು ಮಾಡಿದೆ, ಕಪ್ಪಗೆ ಉಪ್ಪುಪ್ಪಾಗಿ ಬಂತು. ಎರಡನೇ ಸಲ ವಿಡಿಯೋ ನೋಡಿ ಮಾಡಿದೆ. ಹಿಟ್ಟೆಲ್ಲ ಎಣ್ಣೆಯಲ್ಲೇ ಬಿಟ್ಟುಕೊಂಡಿತು, ಚಿಕನ್ ರಬ್ಬರ್ ಆಯಿತು, ಕೊನೆಗೆ ಹಾಕಿದ ಕಾರ್ನ್‌ಫ್ಲೋರ್ ನೀರು ಗಟ್ಟಿಯಾಗಿ ಅಂಟಿನ ಥರ ನಿಂತಿತು. ಅಮ್ಮ ಒಂದು ತುತ್ತು ತಿಂದು "ಗೋಡೆಗೆ ಪೋಸ್ಟರ್ ಅಂಟಿಸೋಕೆ ಇಟ್ಕೋ" ಅಂದರು.

ಇನ್ನೊಂದು ತಲೆನೋವು. ಅಮ್ಮನಿಗೆ ಗ್ಯಾಸ್ಟ್ರಿಕ್, ಖಾರ ಆಗುವುದಿಲ್ಲ. ಹೆಂಡತಿ ಕುಮಟಾ ಕಡೆಯವಳು, ಊಟದಲ್ಲಿ ಸಿಹಿ ಬಂದರೆ ಮುಖ ತಿರುಗಿಸುತ್ತಾಳೆ. ನನಗೆ ಖಾರ ಜಾಸ್ತಿ ಬೇಕು. ಒಂದೇ ಅಡುಗೆಮನೆ, ಎರಡು ಒಲೆ, ಒಂದು ಕಬ್ಬಿಣದ ಬಾಣಲೆ.

ಹೋಟೆಲಿನಲ್ಲಿ ಏನೆಂದು ಕೇಳಿದರೆ ನನಗೆ ಬೇಕಾದ್ದು ಸಿಗುತ್ತದೆ? ಮನೆಯಲ್ಲಿ ಎಲ್ಲಿ ತಪ್ಪುತ್ತಿದ್ದೇನೆ? ಚಿಲ್ಲಿ, ಮಂಚೂರಿ ಬಿಟ್ಟರೆ ನನ್ನ ನಾಲಿಗೆಗೆ ಒಗ್ಗುವ ಬೇರೆ ಚೈನೀಸ್ ಚಿಕನ್ ಇದೆಯಾ?

ಕುಂದಾಪ್ರ_ಬಾಣ್ಲಿ

ಹನ್ನೊಂದು ವರ್ಷ ಹೋಟೆಲಿನ ಚೈನೀಸ್ ಸೆಕ್ಷನ್ನಿನಲ್ಲಿ ನಿಂತವನು ನಾನು. ಮೊದಲು ನಿಮ್ಮ ಹೋಟೆಲ್ ಪ್ರಶ್ನೆಗೆ ಬರುತ್ತೇನೆ.

ಮೆನುವಿನಲ್ಲಿ ಮೂವತ್ತು ಹೆಸರು ಇರುತ್ತದೆ. ಒಳಗೆ ಒಲೆ ಪಕ್ಕದಲ್ಲಿ ಇರುವುದು ಹತ್ತೇ ಡಬ್ಬಿ. ಸೋಯಾ, ವಿನೆಗರ್, ಕೆಚಪ್, ಚಿಲ್ಲಿ ಪೇಸ್ಟ್, ಬಿಳಿ ಮೆಣಸಿನ ಪುಡಿ, ಸಕ್ಕರೆ, ಉಪ್ಪು, ಅಜಿನೊಮೊಟೊ, ಕಾರ್ನ್‌ಫ್ಲೋರ್ ನೀರು, ಸ್ಟಾಕ್. ಕೆಚಪ್ ಹೋದರೆ ಕೆಂಪು ಐಟಂ, ಸೋಯಾ ಮುಂದೆ ಬಂದರೆ ಕಂದು ಐಟಂ, ಎರಡೂ ಇಲ್ಲದೆ ಮೆಣಸು ಬೆಳ್ಳುಳ್ಳಿ ಮಾತ್ರ ಹೋದರೆ ಬಿಳಿ ಐಟಂ. ಡ್ರಾಗನ್, ಹಾಂಗ್‌ಕಾಂಗ್, ಸಿಂಗಾಪುರ ಎಲ್ಲ ಆಯಾ ಅಡುಗೆಯವನ ಮನಸ್ಸಿಗೆ ಬಂದ ಹಾಗೆ. ಹಾಗಾಗಿ ಹೆಸರನ್ನು ನಂಬಬೇಡಿ. ಫೋನಿನಲ್ಲಿ ಹೀಗೆ ಹೇಳಿ: "ಚಿಲ್ಲಿ ಚಿಕನ್, ಕೆಚಪ್ ಬೇಡ, ಸಕ್ಕರೆ ಬೇಡ, ಕಲರ್ ಬೇಡ, ಹಸಿ ಮೆಣಸಿನಕಾಯಿ ಜಾಸ್ತಿ, ಸೆಮಿ ಡ್ರೈ." ರಾತ್ರಿ ಎಂಟೂವರೆಗೆ ರಶ್ಶಿನಲ್ಲಿ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಏಳು ಗಂಟೆಗೆ ಹೋಗಿ, ಕೌಂಟರಿನವನ ಬದಲು ಒಳಗಿನವನಿಗೇ ಹೇಳಿ, ಆಗ ಮಾಡಿಕೊಡುತ್ತಾರೆ. ಆನ್‌ಲೈನ್ ಆ್ಯಪಿನಲ್ಲಿ "ಸೂಚನೆ" ಎಂದು ಬರೆಯುವ ಜಾಗ ಇರುತ್ತದಲ್ಲ, ಅದನ್ನು ನಾವು ಓದುವುದು ಬಹಳ ಕಮ್ಮಿ. ನಿಜ ಹೇಳಿದೆ, ಸಿಟ್ಟಾಗಬೇಡಿ.

ಬಣ್ಣದ ವಿಷಯ. ನಮ್ಮಲ್ಲಿ 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಜೂನ್‌ನಲ್ಲಿ ಕಬಾಬಿಗೂ ಅದೇ ಆಯಿತು. ಆದರೂ ಕೆಲವು ಕಡೆ ಇನ್ನೂ ಉರಿಯುವ ಕೆಂಪು ಬರುತ್ತದೆ. ಚಮಚಕ್ಕೆ, ಬೆರಳಿಗೆ ಬಣ್ಣ ಹತ್ತಿದರೆ ಆ ಹೋಟೆಲ್ ಬಿಟ್ಟುಬಿಡಿ.

ಇನ್ನು ಟ್ಯಾಂಗ್ರಾ. ಅಲ್ಲಿ ಹಕ್ಕಾ ಎಂಬ ಪಂಗಡದ ಚೀನೀಯರು ಚರ್ಮ ಹದ ಮಾಡುವ ಕೆಲಸ ಮಾಡುತ್ತಿದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ಚರ್ಮದ ಕಾರ್ಖಾನೆಗಳನ್ನು ಊರಾಚೆ ಬಂತಾಲಾಗೆ ಸಾಗಿಸಲು ಹೇಳಿದ ಮೇಲೆ ಹೋಟೆಲ್ ದಂಧೆಯೇ ಆ ಜಾಗದ ಗುರುತಾಯಿತು. ಅವರ ಚಿಲ್ಲಿ ಚಿಕನ್‌ನಲ್ಲಿ ಸೋಯಾ ಮತ್ತು ಹಸಿ ಮೆಣಸಿನಕಾಯಿಯೇ ದೊಡ್ಡವರು. ನೀವು ಕೇಳುತ್ತಿರುವುದು ಅದನ್ನೇ. ಮನೆಯಲ್ಲಿ ಹೀಗೆ ಮಾಡಿ.

ಅರ್ಧ ಕಿಲೋ ಬೋನ್‌ಲೆಸ್, ಆದರೆ ಕಾಲಿನದು. ಎದೆ ಮಾಂಸ ತಂದಿರುತ್ತೀರಿ, ಅದಕ್ಕೇ ರಬ್ಬರ್ ಆಗಿದ್ದು. ತೊಳೆದು ಜಾಲರಿಯಲ್ಲಿ ಹಾಕಿ, ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ಇದನ್ನು ಯಾರೂ ಮಾಡುವುದಿಲ್ಲ, ಹಿಟ್ಟು ಬಿಟ್ಟುಕೊಳ್ಳುವುದು ಇದರಿಂದಲೇ. ಒಂದು ಚಮಚ ಲೈಟ್ ಸೋಯಾ, ಅರ್ಧ ಚಮಚ ಮೆಣಸಿನ ಪುಡಿ (ಕಾಳು ಮೆಣಸು, ಕೆಂಪು ಅಲ್ಲ), ಒಂದು ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಒಂದು ಮೊಟ್ಟೆ. ಕಲೆಸಿ ಇಪ್ಪತ್ತು ನಿಮಿಷ ಬಿಡಿ. ಉಪ್ಪು ಹಾಕಲೇಬೇಡಿ, ಸೋಯಾದಲ್ಲೇ ಬೇಕಾದಷ್ಟಿದೆ, ನಿಮ್ಮ ಮೊದಲ ಸಲದ ಎಡವಟ್ಟು ಅದೇ. ಎಣ್ಣೆ ಕಾದ ಮೇಲೆ, ಹಾಕುವ ಹೊತ್ತಿಗೆ ಮಾತ್ರ, ಮೂರು ದೊಡ್ಡ ಚಮಚ ಕಾರ್ನ್‌ಫ್ಲೋರ್, ಒಂದು ದೊಡ್ಡ ಚಮಚ ಮೈದಾ ಸೇರಿಸಿ. ತುಂಡಿನ ಮೇಲೆ ತೆಳುವಾಗಿ ಹಿಡಿಯಬೇಕು, ಬಜ್ಜಿ ಹಿಟ್ಟಿನ ಹಾಗೆ ಇಳಿಯಬಾರದು. ಕಾರ್ನ್‌ಫ್ಲೋರ್ ಅಂದರೆ ಬಿಳಿ ನಯವಾದದ್ದು, ರೊಟ್ಟಿ ಮಾಡುವ ಹಳದಿ ಮೆಕ್ಕೆಜೋಳದ ಹಿಟ್ಟಲ್ಲ. ಒಬ್ಬರು ಹಾಗೆ ಮಾಡಿ ನನ್ನನ್ನೇ ಬೈದಿದ್ದರು.

ಎರಡು ಮೂರು ಸಲಕ್ಕೆ ಭಾಗ ಮಾಡಿ ಕರಿಯಿರಿ. ಹಾಕಿದ ಮೇಲೆ ಒಂದು ನಿಮಿಷ ಸೌಟು ಮುಟ್ಟಿಸಬೇಡಿ. ಐದು ನಿಮಿಷಕ್ಕೆ ತೆಗೆದು, ಕೊನೆಗೆ ಎಣ್ಣೆ ಚೆನ್ನಾಗಿ ಕಾಯಿಸಿ ಎಲ್ಲವನ್ನೂ ಒಂದು ನಿಮಿಷ ಮತ್ತೆ ಕರಿಯಿರಿ. ಗರಿ ಇದರಲ್ಲಿ ಬರುತ್ತದೆ.

ಈಗ ಸಾಸ್. ಒಲೆ ಹಚ್ಚುವ ಮುಂಚೆ ಬಟ್ಟಲಿನಲ್ಲಿ ಕಲೆಸಿ ಇಟ್ಟುಕೊಳ್ಳಿ: ಒಂದು ದೊಡ್ಡ ಚಮಚ ಲೈಟ್ ಸೋಯಾ, ಅರ್ಧ ಸಣ್ಣ ಚಮಚ ಡಾರ್ಕ್ ಸೋಯಾ (ಬಣ್ಣಕ್ಕಷ್ಟೇ), ಒಂದು ಸಣ್ಣ ಚಮಚ ವಿನೆಗರ್, ಚಿಟಿಕೆ ಸಕ್ಕರೆ, ಕಾಲು ಕಪ್ ನೀರು. ಸಿಹಿ ಬೇಡ ಅಂದರೂ ಆ ಚಿಟಿಕೆ ಹಾಕಿ, ಸಿಹಿ ತಿಳಿಯುವುದಿಲ್ಲ, ಸೋಯಾದ ಒಗರು ಸಾಯುತ್ತದೆ. ಬಾಣಲೆಯಿಂದ ಹೊಗೆ ಏಳುವ ತನಕ ಕಾಯಿಸಿ ಎರಡು ಚಮಚ ಎಣ್ಣೆ, ಎಂಟ್ಹತ್ತು ಎಸಳು ಬೆಳ್ಳುಳ್ಳಿ ಹೆಚ್ಚಿದ್ದು, ಶುಂಠಿ, ಸೀಳಿದ ಹಸಿ ಮೆಣಸಿನಕಾಯಿ ಆರು, ಎಸಳು ಬಿಡಿಸಿದ ಈರುಳ್ಳಿ. ಮುಕ್ಕಾಲು ನಿಮಿಷ. ಸಾಸ್ ಸುರಿಯಿರಿ, ಕುದಿ ಬಂದಾಗ ಒಂದು ಸಣ್ಣ ಚಮಚ ಕಾರ್ನ್‌ಫ್ಲೋರ್ ಮೂರು ದೊಡ್ಡ ಚಮಚ ನೀರಿನಲ್ಲಿ ಕಲೆಸಿದ್ದನ್ನು ಪೂರ್ತಿ ಹಾಕದೆ ಸ್ವಲ್ಪ ಸ್ವಲ್ಪವೇ ಹಾಕಿ. ಸೌಟಿನ ಬೆನ್ನಿಗೆ ಹಿಡಿಯುವ ಹಾಗಾದರೆ ಸಾಕು. ಚಿಕನ್ ಹಾಕಿ ನಾಲ್ಕು ಸಲ ತಿರುವಿ ಒಲೆ ಆರಿಸಿ. ಆಮೇಲೂ ಕುದಿಸುತ್ತಾ ನಿಂತರೆ ಮತ್ತೆ ಪೋಸ್ಟರ್ ಅಂಟೇ.

ಸುಮ್ನೆ_ಓದ್ತಿದ್ದೆ

ಇದೆಲ್ಲ ಚೈನೀಸೇ ಅಲ್ಲ ಮಾರಾಯರೇ. ಚೀನಾದವರಿಗೆ ಮಂಚೂರಿ ತೋರಿಸಿದರೆ ಅವರೇ ಕೇಳುತ್ತಾರೆ ಇದೇನು ಅಂತ. ಮುಂಬೈಯಲ್ಲಿ ಹುಟ್ಟಿದ ತಿಂಡಿಗೆ ಚೀನಾ ಹೆಸರು ಯಾಕೆ?

ಚೆಂಗ್ಡು_ಚಳಿ

@ಸುಮ್ನೆ_ಓದ್ತಿದ್ದೆ, ಮಂಚೂರಿಯ ಮಟ್ಟಿಗೆ ನೀವು ಹೇಳಿದ್ದು ಸರಿ. ಕೋಲ್ಕತ್ತಾದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್‌ನಲ್ಲಿ ಅದನ್ನು ಮಾಡಿದ ಕಥೆ ಪ್ರಸಿದ್ಧ. ನಮ್ಮ ಶುಂಠಿ, ಬೆಳ್ಳುಳ್ಳಿ, ಹಸಿ ಮೆಣಸಿನಕಾಯಿ ಹಾಕಿ, ಗರಂ ಮಸಾಲೆ ಹಾಕುವ ಜಾಗದಲ್ಲಿ ಸೋಯಾ ಹಾಕಿದರಂತೆ. ಆದರೆ ಅದನ್ನು ಮಾಡಿದವರೂ ಚೀನೀಯರೇ ಅಲ್ವಾ? ನಮ್ಮೂರಿನವರು ದುಬೈಯಲ್ಲಿ ಮಾಡುವ ದೋಸೆ ದೋಸೆಯಲ್ಲ ಎನ್ನುತ್ತೇವಾ? ಇರಲಿ, ಪ್ರಶ್ನೆ ಕೇಳಿದವರಿಗೆ ಊಟ ಬೇಕು, ವಂಶಾವಳಿ ಅಲ್ಲ.

ನಾನು ಎರಡು ವರ್ಷ ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿನಲ್ಲಿದ್ದೆ. ನಮ್ಮ ಮೆನುವಿನ ಶೆಜ್ವಾನ್ ಅಂದರೆ ಇದೇ ಸಿಚುವಾನ್. ಹೋದ ಮೊದಲ ವಾರ ನಮ್ಮ ಕಡೆಯ ಶೆಜ್ವಾನ್ ಚಿಕನ್ ಹುಡುಕಿದೆ. ಸಿಗಲಿಲ್ಲ. ಸಿಗುವುದೂ ಇಲ್ಲ, ನಮ್ಮ ಬಾಟಲಿಯ ಶೆಜ್ವಾನ್ ಚಟ್ನಿಯಲ್ಲಿ ಬೆಳ್ಳುಳ್ಳಿ, ಒಣ ಮೆಣಸಿನಕಾಯಿ ಇರುತ್ತದೆ, ಸಿಚುವಾನ್‌ನ ಜೀವವಾದ ಹುವಾಜಿಯಾವ್ ಇರುವುದಿಲ್ಲ. ಅದು ಮೆಣಸಿನ ಕಾಳಿನಷ್ಟೇ ಇರುವ ಒಂದು ಕಾಯಿಯ ಸಿಪ್ಪೆ. ಖಾರ ಇಲ್ಲ. ಬಾಯಿಗೆ ಹಾಕಿದರೆ ತುಟಿ, ನಾಲಿಗೆ ಜುಮ್ ಎನ್ನುತ್ತದೆ. ಅಲ್ಲಿಯವರು ಅಡುಗೆಗೆ "ಮಾ ಲಾ" ಎನ್ನುತ್ತಾರೆ, ಮಾ ಅಂದರೆ ಜುಮ್ಮು, ಲಾ ಅಂದರೆ ಖಾರ. ಎರಡೂ ಸೇರಿದರೆ ಎಷ್ಟು ಮೆಣಸಿನಕಾಯಿ ತಿಂದರೂ ಇನ್ನೂ ಬೇಕು ಅನಿಸುತ್ತದೆ.

ನೀವು ಹೆಂಡತಿ ಕುಮಟಾದವರು ಎಂದು ಬರೆದಿರಿ. ಅವರನ್ನು ಜುಮ್ಮನಕಾಯಿ ಇದೆಯಾ ಎಂದು ಕೇಳಿ. ಕೊಂಕಣಿಯವರು ತೆಪ್ಪಳ ಎನ್ನುತ್ತಾರೆ, ಬಂಗುಡೆ ಸಾರಿಗೆ ಹಾಕುವುದು. ಹುವಾಜಿಯಾವ್‌ಗೆ ಅದು ದಾಯಾದಿ, ಎರಡೂ ಒಂದೇ ಜಾತಿಯ ಗಿಡಗಳು. ನಮ್ಮದರ ವಾಸನೆ ಸ್ವಲ್ಪ ಕಾಡು ಕಾಡು, ಜುಮ್ಮು ಮಾತ್ರ ಪಕ್ಕಾ. ಒಳಗಿನ ಕಪ್ಪು ಬೀಜ ತೆಗೆದು ಸಿಪ್ಪೆ ಮಾತ್ರ ಬಳಸಬೇಕು, ಬೀಜ ಮರಳಿನ ಹಾಗೆ ಹಲ್ಲಿಗೆ ಸಿಗುತ್ತದೆ. ಇದನ್ನೂ ಅಲ್ಲಿ ಹಾಗೆಯೇ ಮಾಡುತ್ತಾರೆ.

ನಿಮಗೆ ಲಾ ಜಿ ಜಿ ಎಂಬ ಒಣ ಚಿಕನ್ ಹೇಳಿ ಮಾಡಿಸಿದ ಹಾಗಿದೆ. ಚೀನಾದ ಚೊಂಗ್‌ಚಿಂಗ್ ನಗರದ ಕಡೆಯದು. ಸಾಸೇ ಇಲ್ಲ, ಆದ್ದರಿಂದ ಲೋಳೆಯೂ ಇಲ್ಲ. ತಟ್ಟೆ ಬಂದಾಗ ಒಣ ಮೆಣಸಿನಕಾಯಿಯ ಗುಡ್ಡೆ ಕಾಣುತ್ತದೆ, ಚಿಕನ್ ಕಾಣುವುದಿಲ್ಲ, ಚಾಪ್‌ಸ್ಟಿಕ್‌ನಲ್ಲಿ ಕೆದಕಿ ಹುಡುಕಿ ತಿನ್ನಬೇಕು. ಮೆಣಸಿನಕಾಯಿ ತಿನ್ನುವುದಕ್ಕಲ್ಲ, ಘಮಕ್ಕೆ. ನಾನು ಮೊದಲ ದಿನ ಮರ್ಯಾದೆಗೆಂದು ಎಲ್ಲವನ್ನೂ ತಿಂದೆ. ಪಕ್ಕದ ಟೇಬಲ್ಲಿನವರು ಊಟ ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಮನೆಯಲ್ಲಿ: ಕಾಲಿನ ಮಾಂಸವನ್ನು ಹೆಬ್ಬೆರಳ ಉಗುರಿನಷ್ಟು ಸಣ್ಣಗೆ ಕತ್ತರಿಸಿ. ಅಲ್ಲಿ ಮೂಳೆ ಸಮೇತ ಕೊಚ್ಚುತ್ತಾರೆ, ನಾನು ಬೋನ್‌ಲೆಸ್ ಮಾಡುತ್ತೇನೆ, ಮೂಳೆ ಚೂರು ಗಂಟಲಿಗೆ ಸಿಕ್ಕಿದರೆ ಕಷ್ಟ. ಸೋಯಾ, ಶುಂಠಿ ರಸ, ಎರಡು ಚಮಚ ಕಾರ್ನ್‌ಫ್ಲೋರ್, ಮೊಟ್ಟೆ ಬೇಡ. ಕುಂದಾಪ್ರದವರು ಹೇಳಿದ ಹಾಗೆ ಎರಡು ಸಲ ಕರಿಯಿರಿ. ಬೇರೆ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ, ಸಣ್ಣ ಉರಿ. ಇಪ್ಪತ್ತು ಬ್ಯಾಡಗಿ ಮೆಣಸಿನಕಾಯಿಯನ್ನು ಎರಡೆರಡು ತುಂಡು ಮಾಡಿ, ಬೀಜ ಕೊಡವಿ ಹಾಕಿ. ಇಲ್ಲಿ ಬ್ಯಾಡಗಿಯೇ ಸರಿ, ಬಣ್ಣ ಘಮ ಜಾಸ್ತಿ, ಖಾರ ಕಮ್ಮಿ. ಸಿಚುವಾನ್‌ನವರು ಘಮಕ್ಕೆ ಬಳಸುವ ಅರ್ಜಿಂಗ್‌ಟಿಯಾವ್ ಎಂಬ ಉದ್ದ ಮೆಣಸಿನಕಾಯಿಯ ಕೆಲಸವನ್ನು ಇದು ಚೆನ್ನಾಗಿ ಮಾಡುತ್ತದೆ. ಖಾರ ಸಾಲದಿದ್ದರೆ ನಾಲ್ಕೈದು ಗುಂಟೂರು ಸೇರಿಸಿ. ಜೊತೆಗೆ ಒಂದು ಸಣ್ಣ ಚಮಚ ಜುಮ್ಮನಕಾಯಿ ಸಿಪ್ಪೆ, ಬೆಳ್ಳುಳ್ಳಿ, ಶುಂಠಿ ಬಿಲ್ಲೆ. ಮೆಣಸಿನಕಾಯಿ ಗಾಢ ಕೆಂಪಾಗುವಾಗಲೇ ಚಿಕನ್ ಹಾಕಿ. ಕಪ್ಪಾಯಿತು ಅಂದರೆ ಎಲ್ಲ ಕಹಿ, ಮನೆಯವರೆಲ್ಲ ಕೆಮ್ಮುತ್ತಾ ಬಾಲ್ಕನಿಗೆ ಹೋಗುತ್ತಾರೆ. ಚಿಟಿಕೆ ಉಪ್ಪು, ಹುರಿದ ಎಳ್ಳು, ಮುಗಿಯಿತು.

ಗೊಂಗ್‌ಬಾವ್, ಅಂದರೆ ಇಲ್ಲಿಯ ಮೆನುವಿನ ಕುಂಗ್ ಪಾವ್, ನಿಮ್ಮ ಮನೆಗೆ ಹೇಳುವುದಿಲ್ಲ. ಸಿಚುವಾನ್‌ನ ಗವರ್ನರ್ ಆಗಿದ್ದ ಡಿಂಗ್ ಬಾವೊಜೆನ್ ಎಂಬವರ ಬಿರುದಿನಿಂದ ಬಂದ ಹೆಸರು ಅದು. ಕಡಲೆಬೀಜ ಹಾಕಿ ಬಹಳ ರುಚಿಯಾಗಿ ಮಾಡುತ್ತಾರೆ, ಆದರೆ ಸಿಹಿ ಹುಳಿಯೇ ಅದರ ಗುಣ, ಅಲ್ಲಿಯವರು ಲಿಚಿ ಹಣ್ಣಿನ ರುಚಿ ಎಂದೇ ಕರೆಯುತ್ತಾರೆ. ಸಕ್ಕರೆ ತೆಗೆದರೆ ಅದು ಅದಾಗಿ ಉಳಿಯುವುದಿಲ್ಲ. ಜನರಲ್ ಸೋ ಚಿಕನ್ ಕೂಡ ಬಿಡಿ. ಹುನಾನ್ ಮೂಲದ ಬಾಣಸಿಗ ಪೆಂಗ್ ಚಾಂಗ್‌ಕ್ವೆ ತೈವಾನ್‌ನಲ್ಲಿ ಮಾಡಿದಾಗ ಅದರಲ್ಲಿ ಸಿಹಿ ಇರಲಿಲ್ಲ, ಅಮೆರಿಕಕ್ಕೆ ಹೋದ ಮೇಲೆ ಪಾಕ ಸೇರಿಕೊಂಡಿತು. ಈಗ ಎಲ್ಲೆಡೆ ಸಿಗುವುದು ಆ ಸಿಹಿಯದೇ.

ಒಗ್ಗರಣೆ_ಅಕ್ಕ

ಎಲ್ಲರೂ ಗಂಡಸರ ಖಾರದ ಬಗ್ಗೆ ಬರೆದಿರಿ, ಅಮ್ಮನನ್ನು ಮರೆತಿರಿ.

ಅಮ್ಮನಿಗೆ ಖಾರ ಕಮ್ಮಿ ಮಾಡಿದ ಚಿಲ್ಲಿ ಚಿಕನ್ ಕೊಡಬೇಡಿ, ಅದು ಯಾರಿಗೂ ಬೇಡವಾದ ಅಡುಗೆ. ಮೊದಲಿನಿಂದಲೇ ಖಾರ ಇಲ್ಲದ ಚೀನೀ ಅಡುಗೆ ಇದೆ. ದಕ್ಷಿಣ ಚೀನಾದ ಕ್ಯಾಂಟನ್ ಕಡೆಯವರು ಕೋಳಿಯನ್ನು ಬರೀ ನೀರಿನಲ್ಲಿ ಮೆಲ್ಲಗೆ ಬೇಯಿಸಿ, ಶುಂಠಿ ಮತ್ತು ಈರುಳ್ಳಿ ಸೊಪ್ಪಿನ ಎಣ್ಣೆ ಹಾಕಿ ತಿನ್ನುತ್ತಾರೆ. ಬೈ ಚಿಯೆ ಜಿ ಎಂದು ಹೆಸರು. ನನ್ನ ತಂಗಿ ಸಿಂಗಪುರದಲ್ಲಿದ್ದಾಳೆ, ಅವಳ ಮನೆಯ ಹತ್ತಿರ ಸಿಗುವ ಹೈನಾನ್ ಚಿಕನ್ ರೈಸ್ ಇದರ ತಮ್ಮ ಇದ್ದ ಹಾಗೆ. ಅಲ್ಲಿ ತಿಂದು ಬಂದು ಇಲ್ಲಿ ಮಾಡಲು ಶುರುಮಾಡಿದೆ.

ಚರ್ಮ ಸಮೇತ ನಾಲ್ಕು ಕಾಲು ತನ್ನಿ. ಪಾತ್ರೆಯಲ್ಲಿ ಮುಳುಗುವಷ್ಟು ನೀರು, ನಾಲ್ಕು ಬಿಲ್ಲೆ ಶುಂಠಿ, ಎರಡು ಈರುಳ್ಳಿ ಸೊಪ್ಪು, ಉಪ್ಪು. ಕುದಿ ಬಂದ ಮೇಲೆ ಕಾಲು ಹಾಕಿ, ಉರಿ ಪೂರ್ತಿ ಸಣ್ಣ ಮಾಡಿ. ನೀರು ನಡುಗಬೇಕು, ಕುಣಿಯಬಾರದು. ಇಪ್ಪತ್ತೈದು ನಿಮಿಷ ಬೇಯಿಸಿ, ಆರಿಸಿ ಮುಚ್ಚಿ ಹತ್ತು ನಿಮಿಷ ಬಿಡಿ. ಅಲ್ಲಿಯವರಿಗೆ ಮೂಳೆ ಹತ್ತಿರ ಸ್ವಲ್ಪ ಗುಲಾಬಿ ಬಣ್ಣ ಇದ್ದರೇ ಇಷ್ಟ. ನಮಗೆ ಅದು ಆಗುವುದಿಲ್ಲ, ಚುಚ್ಚಿ ನೋಡಿ, ರಸ ತಿಳಿಯಾಗಿ ಬರಲಿ. ತೆಗೆದು ತಣ್ಣೀರಿನಲ್ಲಿ ಅದ್ದಿದರೆ ಚರ್ಮ ಬಿಗಿಯಾಗುತ್ತದೆ.

ಬಟ್ಟಲಿನಲ್ಲಿ ಎರಡು ಚಮಚ ತುರಿದ ಶುಂಠಿ, ಒಂದು ಹಿಡಿ ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು, ಅರ್ಧ ಚಮಚ ಉಪ್ಪು. ನಾಲ್ಕು ಚಮಚ ಎಣ್ಣೆ ಚೆನ್ನಾಗಿ ಕಾಯಿಸಿ ಅದರ ಮೇಲೆ ಚುರ್ರ್ ಎಂದು ಸುರಿಯಿರಿ. ನಮ್ಮ ಒಗ್ಗರಣೆಯೇ, ತಲೆಕೆಳಗಾಗಿ ಅಷ್ಟೇ. ಚಿಕನ್ ಬಿಡಿಸಿ, ಮೇಲೆ ಇದನ್ನು ಹಾಕಿ. ಬೇಯಿಸಿದ ನೀರಿನಲ್ಲೇ ಅನ್ನ ಮಾಡಿ. ನನ್ನ ಅತ್ತೆ ಮೊದಲು "ರೋಗಿ ಊಟ" ಎಂದು ಮೂಗು ಮುರಿದರು, ಆಮೇಲೆ ಅನ್ನ ಎರಡು ಸಲ ಹಾಕಿಸಿಕೊಂಡರು. ನೀವು ನಿಮ್ಮ ತಟ್ಟೆಗೆ ಮೆಣಸಿನಕಾಯಿ ಎಣ್ಣೆ ಸುರಿದುಕೊಳ್ಳಿ, ಯಾರು ಬೇಡ ಅಂದರು.

ಹೆಂಡತಿಗೆ ಬೇಕಾದರೆ ತೈವಾನ್‌ನ ಸಾನ್ ಬೇ ಜಿ ಇದೆ, ಮೂರು ಕಪ್ಪಿನ ಕೋಳಿ ಎಂದು ಅರ್ಥ. ಸೋಯಾ, ಅಕ್ಕಿ ವೈನ್, ಎಳ್ಳೆಣ್ಣೆ ಒಂದೊಂದು ಕಪ್ ಎನ್ನುವುದು ಹೆಸರಿಗೆ ಮಾತ್ರ, ಹಾಗೆ ಹಾಕಿದರೆ ಬಾಯಿಗಿಡಲು ಆಗದು. ಅರ್ಧ ಕಿಲೋಗೆ ಎರಡು ಮೂರು ಚಮಚ ಸೋಯಾ, ಅಷ್ಟೇ ವೈನ್, ಎರಡು ಚಮಚ ಎಣ್ಣೆ ಸಾಕು. ಒಂದು ಚಮಚ ಸಕ್ಕರೆಯೂ ಹಾಕುತ್ತಾರೆ, ನಾನು ಕಾಲು ಚಮಚಕ್ಕೆ ಇಳಿಸಿದ್ದೇನೆ. ವೈನ್ ಬೇಡದವರು ನೀರು ಹಾಕಿ, ಘಮ ಕಮ್ಮಿ, ಊಟಕ್ಕೆ ಮೋಸ ಇಲ್ಲ. ತುಂಬಾ ಶುಂಠಿ, ಇಡೀ ಬೆಳ್ಳುಳ್ಳಿ, ಮೂಳೆ ಇರುವ ತುಂಡು, ಸಾಸ್ ಇಂಗುವ ತನಕ ಬೇಯಿಸಿ, ಕೊನೆಗೆ ಒಂದು ಹಿಡಿ ತುಳಸಿ ಜಾತಿಯ ಸೊಪ್ಪು. ದೇವರ ತುಳಸಿ ಹಾಕಬೇಡಿ, ಕಷಾಯ ಆಗುತ್ತದೆ. ಕಾಮಕಸ್ತೂರಿ ಹಾಕಿ, ಹೂವಿನ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಹತ್ತು ರೂಪಾಯಿ ಮಾಲೆಯಿಂದ ಬಿಡಿಸಿ ಹಾಕಿದವಳು ನಾನು.

ಒಂದು ಎಚ್ಚರಿಕೆ. ಚೈನೀಸ್ ಎಳ್ಳೆಣ್ಣೆ ಹುರಿದ ಎಳ್ಳಿನದು, ಕಂದು ಬಣ್ಣ, ಜೋರು ಘಮ. ನಮ್ಮ ಗಾಣದ ಎಳ್ಳೆಣ್ಣೆ ಬೇರೆ. ಅದನ್ನು ಹಾಕಿದರೆ ಚಿಕನ್ನಿಗೆ ಉಪ್ಪಿನಕಾಯಿ ವಾಸನೆ ಬರುತ್ತದೆ. ಸಿಗದಿದ್ದರೆ ಎಳ್ಳು ಕೆಂಪಗೆ ಹುರಿದು ಕುಟ್ಟಿ ಕೊನೆಗೆ ಉದುರಿಸಿ.

ಸುಮ್ನೆ_ಓದ್ತಿದ್ದೆ

ಅಕ್ಕ, ಅಜಿನೊಮೊಟೊ ಹಾಕಬೇಕಾ ಬೇಡವಾ? ಅದು ವಿಷ ಅಂತಾರಲ್ಲ.

ಕುಂದಾಪ್ರ_ಬಾಣ್ಲಿ

ಅಕ್ಕನ ಬದಲು ನಾನು ಹೇಳುತ್ತೇನೆ. ವಿಷ ಅಲ್ಲ. 1908ರಲ್ಲಿ ಜಪಾನಿನ ವಿಜ್ಞಾನಿ ಕಿಕುನಾಯೆ ಇಕೇಡಾ ಸಮುದ್ರದ ಪಾಚಿ ಸಾರಿನಿಂದ ಬೇರ್ಪಡಿಸಿದ ರುಚಿ ಅದು, ಟೊಮೆಟೊದಲ್ಲೂ ಇರುತ್ತದೆ. ತೊಂದರೆ ಇರುವುದು ಸೌಟಿನಲ್ಲಿ ಸುರಿಯುವ ನಮ್ಮಂಥವರಲ್ಲಿ. ಅರ್ಧ ಕಿಲೋ ಚಿಕನ್ನಿಗೆ ಎರಡು ಬೆರಳಿನ ಚಿಟಿಕೆ ಸಾಕು. ಸೋಯಾ ಒಳ್ಳೆಯದಿದ್ದರೆ ಅದೂ ಬೇಡ.

ಬೆಣ್ಣೆದೋಸೆ_ಹುಡುಗ

ಹತ್ತು ದಿನದ ಮೇಲೆ ಬರುತ್ತಿದ್ದೇನೆ, ಎಲ್ಲರಿಗೂ ವರದಿ ಕೊಡಬೇಕಲ್ಲ.

ಮೊದಲು ಕುಂದಾಪ್ರದವರು ಹೇಳಿದ ಚಿಲ್ಲಿ ಚಿಕನ್. ಬಟ್ಟೆಯಿಂದ ಒತ್ತಿ ನೀರು ತೆಗೆದೆ, ಹಿಟ್ಟು ಒಂದು ಚೂರೂ ಬಿಡಲಿಲ್ಲ. ಇಷ್ಟೇನಾ ವಿಷಯ ಅನಿಸಿತು. ರುಚಿ ಟ್ಯಾಂಗ್ರಾದ ಹತ್ತಿರ ಬಂತು, ನೂರಕ್ಕೆ ಎಂಬತ್ತು ಎನ್ನುತ್ತೇನೆ. ಆ ಹೊಗೆಯ ವಾಸನೆ ಬರಲಿಲ್ಲ, ನಮ್ಮ ಮನೆಯ ಗ್ಯಾಸಿಗೆ ಅಷ್ಟು ಉರಿ ಇಲ್ಲ. ಇನ್ನೊಂದು, ಅರ್ಧ ಕಿಲೋ ಪೂರ್ತಿ ಒಟ್ಟಿಗೆ ಸಾಸಿಗೆ ಹಾಕಿದೆ, ಬಾಣಲೆ ತಣ್ಣಗಾಗಿ ನೀರು ಬಿಟ್ಟಿತು.

ಲಾ ಜಿ ಜಿ ಕಥೆ ಕೇಳಿ. ಹೆಂಡತಿಯನ್ನು ಜುಮ್ಮನಕಾಯಿ ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಅವಳು ಏನೂ ಹೇಳದೆ ಎದ್ದುಹೋಗಿ ಮೇಲಿನ ಕಪಾಟಿನಿಂದ ಹಾರ್ಲಿಕ್ಸ್ ಬಾಟಲಿ ತಂದಿಟ್ಟಳು. ಅರ್ಧ ಬಾಟಲಿ ಇದೆ. ಮದುವೆಯಾಗಿ ನಾಲ್ಕು ವರ್ಷ, ವಾರ ವಾರ ಮೀನು ಸಾರಿನಲ್ಲಿ ತಿಂದಿದ್ದೇನೆ, ಕಾಳು ಮೆಣಸು ಎಂದುಕೊಂಡಿದ್ದೆ. ಮೊದಲ ಸಲ ಸ್ವಲ್ಪ ಕಪ್ಪಾಯಿತು, ಚೆಂಗ್ಡು ಅವರು ಹೇಳಿದ ಹಾಗೆ ಮೂವರೂ ಬಾಲ್ಕನಿಯಲ್ಲಿ ಕೆಮ್ಮುತ್ತಾ ನಿಂತೆವು. ಎರಡನೇ ಸಲ ಉರಿ ಸಣ್ಣ ಮಾಡಿ, ಬ್ಯಾಡಗಿ ಜೊತೆ ಆರು ಗುಂಟೂರು ಹಾಕಿ ಮಾಡಿದೆ. ನನಗೆ ಬೇಕಾದ್ದು ಇದೇ. ಹೊರಗಿನಿಂದ ತರಿಸುವುದು ಹೋದ ವಾರ ನಿಂತಿದೆ.

ಅಮ್ಮನಿಗೆ ಶುಂಠಿ ಎಣ್ಣೆಯ ಕೋಳಿ ಮಾಡಿಕೊಟ್ಟೆ. ಚಿಕನ್ ಬಗ್ಗೆ ಏನೂ ಹೇಳಲಿಲ್ಲ. "ಆ ಹಸಿರು ಎಣ್ಣೆ ನಾಳೆ ರೊಟ್ಟಿಗೂ ಮಾಡು" ಅಂದರು. ಪಾಸ್ ಎಂದುಕೊಂಡಿದ್ದೇನೆ.

ಕುಂದಾಪ್ರದವರೇ, ಆ ಹೊಗೆ ವಾಸನೆಗೆ ಮನೆಯಲ್ಲಿ ಏನಾದರೂ ದಾರಿ ಇದೆಯಾ?

ಕುಂದಾಪ್ರ_ಬಾಣ್ಲಿ

ಹೋಟೆಲ್ ಒಲೆಯ ಉರಿ ಮನೆಯಲ್ಲಿ ಬರುವುದಿಲ್ಲ, ಅದಕ್ಕೆ ಆಸೆ ಪಡಬೇಡಿ. ಆದರೆ ಇನ್ನೂರು ಗ್ರಾಂಗಿಂತ ಜಾಸ್ತಿ ಒಂದು ಸಲಕ್ಕೆ ಹಾಕಬೇಡಿ, ಎರಡು ಮೂರು ಸಲಕ್ಕೆ ಮಾಡಿ. ಖಾಲಿ ಬಾಣಲೆಯನ್ನು ಪೂರ್ತಿ ಐದು ನಿಮಿಷ ಕಾಯಿಸಿ, ಆಮೇಲೆ ಎಣ್ಣೆ. ಸೋಯಾವನ್ನು ಚಿಕನ್ ಮೇಲೆ ಹಾಕದೆ ಬಾಣಲೆಯ ಅಂಚಿಗೆ ಸುರಿಯಿರಿ, ಅದು ಸುಟ್ಟುಕೊಂಡು ಕೆಳಗೆ ಇಳಿಯುತ್ತದೆ, ನಿಮಗೆ ಬೇಕಾದ ವಾಸನೆಯಲ್ಲಿ ಅರ್ಧ ಅಲ್ಲೇ ಇದೆ. ಕಿಟಕಿ ತೆಗೆದಿಟ್ಟುಕೊಳ್ಳಿ. ಅಡುಗೆಮನೆಯಲ್ಲಿ ಹೊಗೆ ಅಲಾರಂ ಇದ್ದರೆ ಅಕ್ಕಪಕ್ಕದವರಿಗೆ ಮೊದಲೇ ಹೇಳಿಬಿಡಿ.